ಗೃಹವಿನೋದ: ಕಡಲಿನ ಮೀನುಗಳಿಗೆ ತಕ್ಕ ನೆರೆಹೊರೆ

ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವಾಗ ಬರುವವರು ಎಷ್ಟು ಮಂದಿ, ಅವರ ನಡೆನುಡಿ ಎಂಥದು ಎಂಬುದನ್ನು ವಿಚಾರಿಸದ ಗೃಹಸ್ಥರಿಲ್ಲ. ಆದರೆ ಗಾಜಿನ ತೊಟ್ಟಿಗೆ ಮೀನುಗಳನ್ನು ತರುವಾಗ ಬಣ್ಣವೊಂದನ್ನೇ ನೋಡಿ ಕೊಳ್ಳುವವರೇ ಹೆಚ್ಚು. ನೀಲಿಯದೊಂದು, ಹಳದಿಯದೊಂದು, ಪಟ್ಟೆಯದೊಂದು ಎಂದು ಮಕ್ಕಳು ಬೆರಳು ತೋರಿಸಿದಂತೆ ತಂದು ಬಿಟ್ಟ ಮೀನುಗಳಲ್ಲಿ ಒಂದು ಇನ್ನೊಂದರ ರೆಕ್ಕೆಯನ್ನು ಹರಿಯುವುದು. ಮತ್ತೊಂದು ಮೂಲೆ ಸೇರಿ ಉಪವಾಸ ಬೀಳುವುದು. ಮಗುದೊಂದು ಬೆಳಗಾಗುವುದರೊಳಗೆ ಕಾಣೆಯಾಗಿ, ಅದರ ನೆರೆಯವನ ಹೊಟ್ಟೆ ಮಾತ್ರ ದಪ್ಪಗಾಗಿರುವುದು. ಮಕ್ಕಳು ಅಳುವರು, ಹಿರಿಯರು ‘ಇದು ನಮ್ಮ ಮನೆಗೆ ಆಗಿಬರುವುದಿಲ್ಲ’ವೆಂದು ತೊಟ್ಟಿಯನ್ನು ಅಟ್ಟಕ್ಕೇರಿಸುವರು. ದೋಷವು ಮನೆಯ ಅದೃಷ್ಟದ್ದಲ್ಲ, ಸಹವಾಸವನ್ನು ಕೂಡಿಸಿದ ರೀತಿಯದು. ಈ ತಿಂಗಳು ಉಪ್ಪುನೀರಿನ ಚಿಕ್ಕ ತೊಟ್ಟಿಯಲ್ಲಿ ಯಾವ ಮೀನು ಯಾವುದರೊಡನೆ ಬಾಳಬಲ್ಲುದು ಎಂಬ ವಿಷಯವನ್ನು ವಾಚಕರ ಮುಂದಿಡುವೆವು.

ಮೊದಲು ನೀರಿನ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆವು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುವುವು. ಅಡಿಗೆಯ ಉಪ್ಪು ಇದಕ್ಕೆ ಒದಗದು. ಇದಕ್ಕೆಂದೇ ಮಾರುವ ಸಮುದ್ರಲವಣವನ್ನು ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಬೇಕು. ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿಯೂ, ಶಾಖವು 24ರಿಂದ 27 ಡಿಗ್ರಿ ಸೆಂಟಿಗ್ರೇಡಿನೊಳಗೂ ಇರಬೇಕು. ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುವುದರಿಂದ, ಕಡಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬತಕ್ಕದ್ದು. ಮೀನುಗಳ ಮಲದಿಂದ ಹುಟ್ಟುವ ಅಮೋನಿಯವೆಂಬ ವಿಷವನ್ನು ನೈಟ್ರೈಟಾಗಿಯೂ, ಅದನ್ನು ಅಷ್ಟು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ಒಂದು ಮೀನೂ ಇರಲಾಗದು. ತಾಳ್ಮೆಯಿಲ್ಲದವರು ಈ ವಿನೋದಕ್ಕೆ ಕೈಹಾಕದಿರುವುದೇ ಲೇಸು.

ಇನ್ನು ಸಹವಾಸದ ವಿಚಾರ. ಹವಳದ ದಿಬ್ಬಗಳಲ್ಲಿ ವಾಸಿಸುವ ಮೀನುಗಳು ಬಹುಮಟ್ಟಿಗೆ ತಮ್ಮ ತಮ್ಮ ಎಲ್ಲೆಯನ್ನು ಕಾಯ್ದುಕೊಳ್ಳುವ ಪ್ರಾಣಿಗಳು. ಕಡಲಿನಲ್ಲಿ ಜಗಳವಾದರೆ ಸೋತದ್ದು ನಾಲ್ಕು ಮಾರು ಆಚೆಗೆ ಈಜಿ ಹೋಗುವುದು. ಅಲ್ಲಿಗೆ ಜಗಳವು ತೀರಿತು. ಗಾಜಿನೊಳಗಾದರೋ ಸೋತ ಮೀನು ಹಗಲೆಲ್ಲ ಗೆದ್ದ ಮೀನಿನ ಕಣ್ಣೆದುರಿನಲ್ಲಿಯೇ ಇರಬೇಕಾಗುವುದು. ಓಡಿಹೋಗಲು ಎಡೆಯಿಲ್ಲದಿರುವುದರಿಂದ ಜಗಳಕ್ಕೆ ಕೊನೆಯೂ ಇಲ್ಲ. ಹೀಗೆ ಬೆದರಿದ ಮೀನು ಆಹಾರವನ್ನು ಬಿಡುವುದು, ರೋಗಕ್ಕೆ ಸುಲಭವಾಗಿ ತುತ್ತಾಗುವುದು. ಚಿಕ್ಕ ತೊಟ್ಟಿಯ ಕಷ್ಟಗಳಿಗೆಲ್ಲ ಇದೇ ಮೂಲ.

ಆದುದರಿಂದ ಕೊಳ್ಳುವ ಮುನ್ನ ಪ್ರತಿಯೊಂದು ಮೀನಿನ ವಿಷಯದಲ್ಲಿಯೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಇದು ಪೂರ್ಣವಾಗಿ ಬೆಳೆದಾಗ ಎಷ್ಟು ಉದ್ದವಾಗುವುದು? ಇದರ ಆಹಾರವೇನು? ತೊಟ್ಟಿಯ ಯಾವ ಭಾಗದಲ್ಲಿ ನೆಲೆಸುವುದು? ತನ್ನ ಜಾತಿಯದನ್ನೂ ತನ್ನಂತೆ ತೋರುವುದನ್ನೂ ಸಹಿಸುವುದೇ? ಮೊದಲನೆಯ ಪ್ರಶ್ನೆಯನ್ನು ಮರೆಯುವವರು ಬಹು ಮಂದಿ. ಅಂಗಡಿಯಲ್ಲಿ ಎರಡು ಅಂಗುಲವಿರುವ ನೀಲಿ ಟ್ಯಾಂಗ್ ಮೀನು ಮುಂದೆ 30 ಸೆಂಟಿಮೀಟರಿನವರೆಗೂ ಬೆಳೆಯತಕ್ಕದ್ದು. ದಿನವೆಲ್ಲ ದೂರದೂರ ಈಜುವುದು ಅದರ ಸ್ವಭಾವ. ಅದನ್ನು 100 ಲೀಟರಿನ ತೊಟ್ಟಿಯಲ್ಲಿಡುವುದೆಂದರೆ ಕುದುರೆಯನ್ನು ಕೋಳಿಗೂಡಿನಲ್ಲಿ ಕಟ್ಟಿದಂತೆ. ಲಯನ್‌ಫಿಶ್ ಎಂಬುದು ನೋಡಲು ಬಲು ಸೊಗಸು. ಆದರೆ ಅದರ ಮುಳ್ಳುಗಳಲ್ಲಿ ವಿಷವಿರುವುದಲ್ಲದೆ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ಅದು ನುಂಗುವುದು. ಮತ್ಸ್ಯನ್ಯಾಯವೆಂಬ ಮಾತು ಹುಟ್ಟಿದ್ದು ಸುಮ್ಮನಲ್ಲ.

ಹೊಸಬರಿಗೆ ಒಪ್ಪುವ ಮೀನುಗಳಲ್ಲಿ ಮೊದಲನೆಯದು ಕ್ಲೌನ್ ಮೀನು. 2003ರಲ್ಲಿ ‘ಫೈಂಡಿಂಗ್ ನೀಮೋ’ ಎಂಬ ಚಲನಚಿತ್ರವು ಬಂದಂದಿನಿಂದ, ಕಿತ್ತಳೆ ಮೈಯ ಮೇಲೆ ಮೂರು ಬಿಳಿ ಪಟ್ಟೆಗಳುಳ್ಳ ಈ ಮೀನನ್ನು ಮಕ್ಕಳು ದೂರದಿಂದಲೇ ಗುರುತಿಸುವರು. ಇವು ಹುಟ್ಟುವಾಗ ಎಲ್ಲವೂ ಗಂಡಾಗುವಂಥವೇ. ಗುಂಪಿನಲ್ಲಿ ಬಲವಾದುದು ಹೆಣ್ಣಾಗಿ ಮಾರ್ಪಟ್ಟು ಯಜಮಾನಿಕೆ ನಡೆಸುವುದು. ಆದುದರಿಂದ ಒಂದು ದೊಡ್ಡದು, ಒಂದು ಚಿಕ್ಕದು ಹೀಗೆ ಎರಡನ್ನು ಒಟ್ಟಿಗೆ ತಂದರೆ ಅವು ಸಾಮಾನ್ಯವಾಗಿ ಜೋಡಿಯಾಗಿ ಬಾಳುವುವು. ಮೂರನೆಯದನ್ನಾಗಲಿ, ಬೇರೆ ಜಾತಿಯ ಕ್ಲೌನ್ ಮೀನನ್ನಾಗಲಿ ಸೇರಿಸಿದರೆ ಕದನವೇ ಸರಿ. ಕಡಲಿನಲ್ಲಿ ಇವಕ್ಕೆ ಆಶ್ರಯವಾದ ಎನಿಮೊನಿಯು ತೊಟ್ಟಿಯಲ್ಲಿ ಇರಲೇಬೇಕೆಂಬುದಿಲ್ಲ. ಅದಕ್ಕೆ ಪ್ರಖರವಾದ ಬೆಳಕೂ ಹಳೆಯದಾಗಿ ಸ್ಥಿಮಿತಕ್ಕೆ ಬಂದ ನೀರೂ ಬೇಕಾದುದರಿಂದ ಹೊಸಬರು ಅದರ ಗೊಡವೆಗೆ ಹೋಗಬಾರದು.

ಕ್ಲೌನ್ ಮೀನು ನಡುನೀರಿನಲ್ಲಿ ಆಡುತ್ತಿರುವಾಗ, ಕಲ್ಲಿನ ಪೊಟರೆಯಲ್ಲಿ ನೆಲೆಸಲು ರಾಯಲ್ ಗ್ರಾಮಾ ಎಂಬುದು ತಕ್ಕ ಮೀನು. ಮುಂಭಾಗ ನೇರಿಳೆ, ಹಿಂಭಾಗ ಹಳದಿ. ಉದ್ದ ಸುಮಾರು 8 ಸೆಂಟಿಮೀಟರು. ತನ್ನ ಗೂಡಿನ ಬಾಗಿಲಿಗೆ ಬಂದವರಿಗೆ ಬಾಯಿ ತೆರೆದು ಹೆದರಿಸುವುದೇ ಹೊರತು ಬೆನ್ನಟ್ಟಿ ಹೋಗುವುದು ಅಪರೂಪ. ಮರಳಿನ ನೆಲಕ್ಕೆ ಹಳದಿಯ ಗೋಬಿಯೊಂದು ಸಾಕು. ಇದರ ಜಾತಿಯ ಕೆಲವು ಗೋಬಿಗಳು ಪಿಸ್ತೂಲು ಸೀಗಡಿಯೊಡನೆ ಕೂಡುಬಾಳು ನಡೆಸುವ ಚಂದವನ್ನು ನೋಡಿಯೇ ತಿಳಿಯಬೇಕು. ಸೀಗಡಿಯ ದೃಷ್ಟಿ ಮಂದ. ಅದು ಬಿಲವನ್ನು ತೋಡುವುದು. ಮೀನಿನ ಕಣ್ಣು ಚುರುಕು. ಅದು ಬಾಗಿಲಲ್ಲಿ ಕಾವಲು ನಿಲ್ಲುವುದು. ಸೀಗಡಿಯು ತನ್ನ ಮೀಸೆಯನ್ನು ಮೀನಿನ ಮೈಗೆ ತಗುಲಿಸಿಕೊಂಡೇ ಹೊರಬರುವುದು. ಮೀನು ಬಾಲವನ್ನು ಅಲುಗಿಸಿತೆಂದರೆ ಎರಡೂ ಒಳಗೆ. ಗುಣವರಿತು ಕೂಡಿದ ಸಂಸಾರವು ಹೇಗಿರುವುದೆಂಬುದಕ್ಕೆ ಇದೊಂದು ಪಾಠ.

ಫೈರ್‌ಫಿಶ್ ಎಂಬ ತೆಳುಮೈಯ ಸಾಧು ಮೀನೂ ಒಪ್ಪುವುದು. ಆದರೆ ಬೆದರಿದಾಗ ನೀರಿನಿಂದ ಹಾರಿ ನೆಲಕ್ಕೆ ಬಿದ್ದು ಸಾಯುವ ಸ್ವಭಾವ ಅದಕ್ಕಿರುವುದರಿಂದ ತೊಟ್ಟಿಯ ಮೇಲೆ ಬಲೆಯ ಮುಚ್ಚಳವು ಅವಶ್ಯ. ಜೋಡಿಯಲ್ಲದ ಎರಡು ಫೈರ್‌ಫಿಶ್‌ಗಳು ಕಿತ್ತಾಡುವುವಾದ್ದರಿಂದ ಒಂದನ್ನೇ ಇಡುವುದು ಕ್ಷೇಮ. 100 ಲೀಟರಿನ ತೊಟ್ಟಿಗೆ ಎರಡು ಕ್ಲೌನ್, ಒಂದು ಗ್ರಾಮಾ, ಒಂದು ಗೋಬಿ: ಈ ನಾಲ್ಕು ಸಾಕು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಮೀನಿನ ಮನೆಗೂ ಅನ್ವಯಿಸುವುದು.

ಬೇಡವಾದವುಗಳಲ್ಲಿ ಎರಡನ್ನು ವಿಶೇಷವಾಗಿ ಹೇಳಬೇಕು. ಡ್ಯಾಮ್ಸೆಲ್ ಮೀನುಗಳು ಅಗ್ಗ, ಗಟ್ಟಿಮುಟ್ಟು, ಬಣ್ಣವೂ ಉಂಟು. ಹೀಗಾಗಿ ಅಂಗಡಿಯವರು ಮೊದಲು ತೋರಿಸುವುದು ಇವನ್ನೇ. ಆದರೆ ಇವುಗಳಲ್ಲಿ ಹಲವು ಬೆಳೆದಂತೆಲ್ಲ ಇಡೀ ತೊಟ್ಟಿಯನ್ನು ತಮ್ಮದಾಗಿಸಿಕೊಂಡು ಉಳಿದವನ್ನು ಪೀಡಿಸುವುವು. ಎರಡನೆಯದು ಮ್ಯಾಂಡರಿನ್. ಇದು ಯಾರಿಗೂ ಕೇಡು ಬಗೆಯದು. ಕೇಡು ಅದಕ್ಕೇ ಆಗುವುದು. ಕಲ್ಲುಗಳ ಮೇಲೆ ಹರಿದಾಡುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಈ ಮೀನಿಗೆ ಚಿಕ್ಕ ತೊಟ್ಟಿಯಲ್ಲಿ ಅವು ಕೆಲವು ವಾರಗಳಲ್ಲಿಯೇ ತೀರಿಹೋಗುವುವು. ಹಾಕಿದ ಒಣ ಆಹಾರವನ್ನು ಅದು ಹೆಚ್ಚಾಗಿ ಮುಟ್ಟದು. ಎಲ್ಲರ ಕಣ್ಣೆದುರಿನಲ್ಲಿ, ಎಲ್ಲ ಸೌಂದರ್ಯದೊಡನೆ, ಅದು ಹಸಿವಿನಿಂದ ಸಾಯುವುದು.

ತೊಟ್ಟಿಗೆ ಬಿಡುವ ಕ್ರಮವೂ ಮುಖ್ಯ. ಸಾಧುವಾದುದನ್ನು ಮೊದಲು, ಜೋರಿನದನ್ನು ಕೊನೆಗೆ ಬಿಡಬೇಕು. ನಮ್ಮ ನಾಲ್ಕರಲ್ಲಿ ಗೋಬಿ ಮೊದಲು, ಬಳಿಕ ಗ್ರಾಮಾ, ಕಡೆಗೆ ಕ್ಲೌನ್ ಜೋಡಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೆಲವು ವಾರಗಳ ಅಂತರವಿರಲಿ. ಹಳೆಯ ಮೀನು ಹೊಸದನ್ನು ಅಟ್ಟತೊಡಗಿದರೆ ಕಲ್ಲುಗಳನ್ನು ಬೇರೆ ರೀತಿಯಲ್ಲಿ ಜೋಡಿಸಬೇಕು. ಹಳೆಯ ಎಲ್ಲೆಗಳು ಅಳಿಸಿಹೋಗಿ ಎಲ್ಲವೂ ಹೊಸ ಒಕ್ಕಲಾಗುವುವು. ತಂದ ಮೀನನ್ನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ಉತ್ತಮ. ಬಿಳಿಚುಕ್ಕೆಯ ರೋಗಕ್ಕೆ ಕೊಡುವ ತಾಮ್ರದ ಔಷಧಿಯು ಸೀಗಡಿಗಳನ್ನು ಕೊಲ್ಲುವುದರಿಂದ ಚಿಕಿತ್ಸೆಯು ಆ ಬೇರೆ ತೊಟ್ಟಿಯಲ್ಲಿಯೇ ನಡೆಯಬೇಕು.

ಕಡೆಯದಾಗಿ ಧರ್ಮದ ಮಾತೊಂದುಂಟು. ಅಂಗಡಿಯಲ್ಲಿರುವ ಕಡಲಿನ ಮೀನುಗಳಲ್ಲಿ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಒಂದು ಸತ್ತರೆ ಇನ್ನೊಂದನ್ನು ಕೊಳ್ಳುವೆನೆಂಬ ಗೃಹಸ್ಥನು ಪ್ರತಿಸಾರಿಯೂ ಆ ದಿಬ್ಬವನ್ನೇ ಬರಿದುಮಾಡುತ್ತಿರುವನು. ಬಂಗ್ಗಾಯ್ ಕಾರ್ಡಿನಲ್ ಎಂಬ ಇಂಡೊನೇಷ್ಯದ ಪುಟ್ಟ ಮೀನು ಈ ವ್ಯಾಪಾರದ ದೆಸೆಯಿಂದಲೇ ಕುಗ್ಗಿ, 2007ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಕ್ಲೌನ್ ಮೀನುಗಳಾದರೋ ಈಗ ತೊಟ್ಟಿಗಳಲ್ಲಿಯೇ ಮರಿಮಾಡಿ ಬೆಳೆಸಿದವು ದೊರೆಯುವುವು. ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನ ಸಂಸ್ಥೆಯೂ ಇವುಗಳ ಮರಿಮಾಡುವ ವಿಧಾನವನ್ನು ಸಾಧಿಸಿರುವುದು. ಅಂಥವನ್ನೇ ಕೇಳಿ ಕೊಳ್ಳಿರಿ. ಹವಳಗಳೂ ಕಡಲಕುದುರೆಗಳೂ 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಸೇರಿದವಾದುದರಿಂದ, ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಾಗಲಿ ಬೇರೆಲ್ಲಿಯೇ ಆಗಲಿ ಅವನ್ನು ಕಿತ್ತು ತರುವುದು ಅಪರಾಧ.

ಅಂಗಡಿಗೆ ಹೋಗುವ ಹಿಂದಿನ ದಿನವೇ ಬೇಕಾದ ಮೀನುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲಿ ಕೊಡಿರಿ. ಚೀಟಿಯಲ್ಲಿಲ್ಲದ ಮೀನು ಎಷ್ಟೇ ಸೊಗಸಾಗಿರಲಿ, ಅದನ್ನು ಅಲ್ಲಿಯೇ ನೋಡಿ ಸಂತೋಷಪಟ್ಟು ಬರುವುದನ್ನು ಮಕ್ಕಳಿಗೆ ಕಲಿಸಿದರೆ, ತೊಟ್ಟಿಯ ಬೆಲೆಯು ಅಷ್ಟರಲ್ಲಿಯೇ ಸಂದಂತಾಗುವುದು.