ಗುಳಿಗೆಯಲ್ಲಿ ಸೇರಿದ ಕಲ್ಮಷ

2018ರಲ್ಲಿ ರಕ್ತದೊತ್ತಡದ ಗುಳಿಗೆಯೊಂದರಲ್ಲಿ ಕ್ಯಾನ್ಸರ್‌ಕಾರಕ ಕಲ್ಮಷ ದೊರೆತಿದೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ, ನನ್ನ ಹಿರಿಯಕ್ಕನವರು ತಾವು ದಿನವೂ ಸೇವಿಸುತ್ತಿದ್ದ ಗುಳಿಗೆಯನ್ನು ನಿಲ್ಲಿಸಿಬಿಟ್ಟರು. ಮೂರು ವಾರಗಳ ತರುವಾಯ ನಾನು ಅವರ ಊರಿಗೆ ಹೋದಾಗ ಎದ್ದು ನಿಂತರೆ ಅವರಿಗೆ ತಲೆ ಸುತ್ತುತ್ತಿತ್ತು. ಅಳತೆ ಮಾಡಿಸಿದರೆ ಒತ್ತಡದ ಮೇಲಿನ ಅಂಕಿ 190! ‘ತಮ್ಮಾ, ಕ್ಯಾನ್ಸರ್ ತರುವ ಗುಳಿಗೆಗಿಂತ ಈ ತಲೆಸುತ್ತೇ ಮೇಲಲ್ಲವೇನಪ್ಪಾ?’ ಎಂದರು. ಅವರು ಸೇವಿಸುತ್ತಿದ್ದುದು ಅಮ್ಲೋಡಿಪಿನ್. ಸುದ್ದಿಯಲ್ಲಿದ್ದುದು ವಲ್ಸಾರ್ಟನ್ ಎಂಬ ಬೇರೊಂದು ಔಷಧ.

ಹಾಗೆಂದು ಸುದ್ದಿಯೇನೂ ಸುಳ್ಳಾಗಿರಲಿಲ್ಲ. ಚೀನದ ಒಂದು ಕಾರ್ಖಾನೆ ವಲ್ಸಾರ್ಟನ್ ತಯಾರಿಸುವ ವಿಧಾನವನ್ನು 2012ರಲ್ಲಿ ಬದಲಿಸಿತ್ತು. ಹೊಸ ವಿಧಾನದಲ್ಲಿ ಬಳಸಿದ ದ್ರಾವಕವೂ ಸೋಡಿಯಂ ನೈಟ್ರೈಟೂ ಕೂಡಿ ಎನ್‌ಡಿಎಂಎ ಎಂಬ ನೈಟ್ರೋಸಮೀನ್ ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತಿತ್ತು. ಅದನ್ನು ಯಾರೂ ನಿರೀಕ್ಷಿಸದಿದ್ದುದರಿಂದ ಯಾರೂ ಹುಡುಕಲಿಲ್ಲ. ಪತ್ತೆಯಾದುದು 2018ರಲ್ಲಿ.

ಎನ್‌ಡಿಎಂಎಯ ಕೆಡುಕು ವಿಜ್ಞಾನಿಗಳಿಗೆ ಹೊಸದಲ್ಲ. ಅದನ್ನು ತಿನ್ನಿಸಿದ ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳು ಬೆಳೆಯುವುದನ್ನು ಬ್ರಿಟನ್ನಿನ ಮ್ಯಾಗೀ ಮತ್ತು ಬಾರ್ನ್ಸ್ ಎಂಬವರು 1956ರಲ್ಲಿಯೇ ಪ್ರಕಟಿಸಿದ್ದರು. ವಿಚಿತ್ರವೆಂದರೆ ಈ ವಸ್ತು ತಾನಾಗಿ ಅಷ್ಟೇನೂ ಉಗ್ರವಲ್ಲ. ವಿಷವನ್ನು ಕಳೆಯಬೇಕಾದ ನಮ್ಮ ಯಕೃತ್ತೇ ಅದನ್ನು ಒಡೆಯುವಾಗ ಚುರುಕಾದ ತುಣುಕೊಂದು ಹೊರಬೀಳುತ್ತದೆ. ಅದು ಜೀವಕೋಶದ ಡಿಎನ್‌ಎಯಲ್ಲಿರುವ ಗ್ವಾನೀನ್ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಕೋಶವು ಇಬ್ಭಾಗವಾಗುವ ಮುನ್ನ ಡಿಎನ್‌ಎಯ ಪ್ರತಿ ತೆಗೆಯುವಾಗ, ಹೀಗೆ ಕೆಟ್ಟ ಅಕ್ಷರದ ಎದುರು ಸೈಟೋಸೀನ್ ಬರುವ ಬದಲು ಥೈಮೀನ್ ಬಂದು ಕೂಡುತ್ತದೆ. ಬರಹದಲ್ಲಿ ಒಂದು ತಪ್ಪು ಉಳಿಯಿತು.

ಆದರೆ ಒಂದು ತಪ್ಪೇ ಕ್ಯಾನ್ಸರ್ ಅಲ್ಲ. ಅಂಟಿದ ತುಣುಕನ್ನು ಕಿತ್ತು ತಾನೇ ಹೊತ್ತುಕೊಳ್ಳುವ ಪ್ರೋಟೀನೊಂದು ನಮ್ಮ ಕೋಶಗಳಲ್ಲಿದೆ. ಅದರ ಕೈಯಿಂದ ತಪ್ಪಿಸಿಕೊಂಡ ದೋಷಗಳು, ಕೋಶದ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಜೀನುಗಳಲ್ಲಿಯೇ ಒಂದರ ಮೇಲೊಂದು ಕೂಡಬೇಕು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಆದಕಾರಣವೇ ಇಲ್ಲಿ ‘ಇದೆಯೋ ಇಲ್ಲವೋ’ ಎಂಬ ಪ್ರಶ್ನೆಗಿಂತ ‘ಎಷ್ಟು, ಎಷ್ಟು ಕಾಲ’ ಎಂಬ ಪ್ರಶ್ನೆ ದೊಡ್ಡದು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ದಿನವೊಂದಕ್ಕೆ 96 ನ್ಯಾನೋಗ್ರಾಂ ಎಂಬ ಮಿತಿಯನ್ನು ಇಟ್ಟಿದೆ. ಗ್ರಾಂ ಒಂದನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಆ ಮಿತಿಯಷ್ಟನ್ನು ಎಪ್ಪತ್ತು ವರ್ಷ ದಿನವೂ ಸೇವಿಸಿದರೆ ಲಕ್ಷ ಜನರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದೆಂಬುದು ಲೆಕ್ಕ. ಕೆಟ್ಟ ವಲ್ಸಾರ್ಟನ್ನಿನ ಕೆಲವು ಗುಳಿಗೆಗಳಲ್ಲಿ ಇದರ ನೂರು ಪಟ್ಟಿಗೂ ಮಿಕ್ಕು ಇದ್ದಿತು. ಕಾರ್ಖಾನೆಯದು ಅಕ್ಷಮ್ಯ ಅಜಾಗರೂಕತೆಯೇ ಸರಿ. ಆದರೂ ಅಂಥ ಗುಳಿಗೆಯನ್ನು ಅತ್ಯಧಿಕ ಪ್ರಮಾಣದಲ್ಲಿ ನಾಲ್ಕು ವರ್ಷ ದಿನವೂ ನುಂಗಿದ 8,000 ಜನರಲ್ಲಿ, ಜೀವಮಾನದಲ್ಲಿ ಒಬ್ಬರಿಗೆ ಹೆಚ್ಚಾಗಿ ಕ್ಯಾನ್ಸರ್ ಬರಬಹುದೆಂದು ಅದೇ ಸಂಸ್ಥೆ ಅಂದಾಜು ಮಾಡಿತು. ಬದಲಿ ಔಷಧ ದೊರೆಯುವವರೆಗೆ ಇದ್ದುದನ್ನು ನಿಲ್ಲಿಸಬೇಡಿರೆಂದೂ ಹೇಳಿತು. ಏಕೆಂದರೆ ಏರಿದ ರಕ್ತದೊತ್ತಡವು ಪಾರ್ಶ್ವವಾಯುವನ್ನು ತರಲು ಜೀವಮಾನವಿಡೀ ಕಾಯುವುದಿಲ್ಲ. ಡೆನ್ಮಾರ್ಕಿನಲ್ಲಿ ವಲ್ಸಾರ್ಟನ್ ಸೇವಿಸಿದ 5,150 ಜನರ ದಾಖಲೆ ಪರಿಶೀಲಿಸಿದಾಗ ಕ್ಯಾನ್ಸರಿನಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಆದರೆ ಕ್ಯಾನ್ಸರಿನ ಮಟ್ಟಿಗೆ ಆ ಅವಧಿ ಚಿಕ್ಕದೆಂಬುದನ್ನೂ ಮರೆಯಲಾಗದು.

ಎದೆಯುರಿ, ಹುಳಿತೇಗಿಗೆ ಮನೆಮನೆಯಲ್ಲಿ ಬಳಸುತ್ತಿದ್ದ ರಾನಿಟಿಡಿನ್ನಿನ ಕಥೆ ಇನ್ನೊಂದು ಬಗೆಯದು. ಅಲ್ಲಿ ಕಲ್ಮಷ ಹೊರಗಿನಿಂದ ಸೇರಿದ್ದಲ್ಲ. ಔಷಧದ ಅಣುವೇ ಕಾಲ ಕಳೆದಂತೆ, ಸೆಕೆ ತಾಗಿದಂತೆ ಒಡೆದು ಎನ್‌ಡಿಎಂಎ ಆಗುತ್ತದೆ. 2019ರಲ್ಲಿ ಇದು ಬೆಳಕಿಗೆ ಬಂದಿತು. 2020ರ ಏಪ್ರಿಲ್ 1ರಂದು ಅಮೆರಿಕದಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಸೂಚಿಸಲಾಯಿತು. ನಮ್ಮ ದೇಶದ ಅತ್ಯಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಕೈಬಿಡಲಾಯಿತು. ಹಿಂದೆ ಅದನ್ನು ನುಂಗಿದವರು ಕಂಗೆಡಬೇಕಾಗಿಲ್ಲ.

ಅಕ್ಕನವರು ಅಂದು ಸಂಜೆಯೇ ವೈದ್ಯರನ್ನು ಕಂಡು ಗುಳಿಗೆಯನ್ನು ಮತ್ತೆ ಆರಂಭಿಸಿದರು. ನಾವು ಮಾತನಾಡುತ್ತಿದ್ದಷ್ಟು ಹೊತ್ತೂ ಭಾವನವರು ಪಕ್ಕದಲ್ಲಿ ಕುಳಿತು ಎಲೆಯಡಿಕೆಯೊಡನೆ ಕಡ್ಡಿಪುಡಿ ಮೆಲ್ಲುತ್ತಿದ್ದರು. ತಂಬಾಕಿನಲ್ಲಿಯೂ ಇದೇ ನೈಟ್ರೋಸಮೀನ್ ಕುಲದ ವಸ್ತುಗಳಿವೆ. ಅಲ್ಲಿ ಲೆಕ್ಕ ನ್ಯಾನೋಗ್ರಾಂಗಳಲ್ಲಲ್ಲ, ಅದರ ಸಾವಿರ ಪಟ್ಟಾದ ಮೈಕ್ರೋಗ್ರಾಂಗಳಲ್ಲಿ. ಅವು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಸಿದ್ಧವಾದ ಸಂಗತಿ. ಇದನ್ನು ಹೇಳಿದಾಗ ಭಾವನವರು ನಕ್ಕು ಎದ್ದು ಹೋದರು.

ಓದುಗರು ಮನೆಯ ಔಷಧಗಳ ಡಬ್ಬಿಯನ್ನೊಮ್ಮೆ ತೆರೆದು ನೋಡಬೇಕು. ಕಂಪನಿಯಿಟ್ಟ ಹೆಸರಿನ ಹತ್ತಿರವೇ ಔಷಧದ ನಿಜನಾಮ ಇರುತ್ತದೆ. ಸುದ್ದಿ ಬಂದಾಗ ಹೋಲಿಸಬೇಕಾದುದು ಅದನ್ನು. ರಾನಿಟಿಡಿನ್ ಎಂದಿದ್ದರೆ ವೈದ್ಯರಿಗೆ ತೋರಿಸಿರಿ. ಫ್ಯಾಮೋಟಿಡಿನ್‌ನಂಥ ಬದಲಿ ಔಷಧಗಳಿವೆ. ಡಬ್ಬಿಯನ್ನು ಒಲೆಯ ಮೇಲಣ ಹಲಗೆಯಲ್ಲಾಗಲಿ, ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡಬೇಡಿರಿ.