ಹೃದಯಾಘಾತದಲ್ಲಿ ವೇಳೆಯ ಪ್ರಶ್ನೆ

ಹೃದಯಾಘಾತವಾದವರ ರಕ್ತನಾಳವನ್ನು ಎಷ್ಟು ಹೊತ್ತಿನೊಳಗೆ ತೆರೆಯಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ಇದನ್ನರಿಯದೆ ಬಂಧುಗಳು ವೈದ್ಯರೊಡನೆ ಜಗಳಕ್ಕೆ ನಿಲ್ಲುವುದನ್ನು ನಾವು ಬಲ್ಲೆವು.

ನಾಳವು ಪೂರ್ಣವಾಗಿ ಮುಚ್ಚಿದೆಯೆಂದು ಇ.ಸಿ.ಜಿ. ತೋರಿಸಿದಲ್ಲಿ ವಿಳಂಬ ಸಲ್ಲದು. ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಆಸ್ಪತ್ರೆ ಸೇರಿದ 90 ನಿಮಿಷಗಳೊಳಗೆ ಬಲೂನಿನಿಂದ ನಾಳ ತೆರೆಯಬೇಕೆಂಬುದು ಅಂಗೀಕೃತ ನಿಯಮ. ಆ ಸೌಕರ್ಯ 120 ನಿಮಿಷಗಳಲ್ಲಿಯೂ ದೊರೆಯದೆಂದಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಮೊದಲು ಕೊಟ್ಟು, ಬಳಿಕ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಕ್ರಮ.

ನಾಳ ಪೂರ್ತಿ ಮುಚ್ಚಿರದ ಆಘಾತದ ಮಾತು ಬೇರೆ. 2009ರಲ್ಲಿ ಪ್ರಕಟವಾದ ‘ಟೈಮ್ಯಾಕ್ಸ್’ ಅಧ್ಯಯನದಲ್ಲಿ ಅಂತಹ 3,031 ರೋಗಿಗಳ ಪೈಕಿ ಒಂದು ಪಂಗಡಕ್ಕೆ 24 ಗಂಟೆಗಳೊಳಗೆ, ಇನ್ನೊಂದಕ್ಕೆ 36 ಗಂಟೆಗಳ ಅನಂತರ ನಾಳದ ಪರೀಕ್ಷೆ, ಅಗತ್ಯವಿದ್ದಲ್ಲಿ ಚಿಕಿತ್ಸೆ ನಡೆಸುವುದೆಂದು ಗೊತ್ತುಮಾಡಲಾಯಿತು. ಆರು ತಿಂಗಳ ಬಳಿಕ ಮರಣ, ಮರುಆಘಾತ, ಪಾರ್ಶ್ವವಾಯುಗಳ ಲೆಕ್ಕದಲ್ಲಿ ಒಟ್ಟಾರೆ ಖಚಿತವಾದ ಅಂತರ ಕಾಣಲಿಲ್ಲ. ಹೆಚ್ಚು ಅಪಾಯದಲ್ಲಿದ್ದವರಿಗೆ ಮಾತ್ರ ತ್ವರೆಯು ಫಲ ಕೊಟ್ಟಿತು. ಬಿಡದ ಎದೆನೋವು, ರಕ್ತದೊತ್ತಡದ ಕುಸಿತ ಇರುವವರನ್ನು ಎರಡು ಗಂಟೆಗಳೊಳಗೆ ಒಯ್ಯಬೇಕು. ಉಳಿದವರ ವಿಷಯದಲ್ಲಿ ವೈದ್ಯರು ‘ನಾಳೆ’ ಎಂದರೆ ಅದನ್ನು ಉಪೇಕ್ಷೆಯೆಂದು ತಿಳಿಯಬೇಕಾಗಿಲ್ಲ.

ನಮ್ಮ ಚಿಂತೆಯೆಲ್ಲ ಅದಕ್ಕೂ ಮೊದಲಿನ ಗಂಟೆಗಳದು. ಒಲೆಯ ಮುಂದೆ ನಿಂತವನು ಎದೆನೋವನ್ನು ವಾಯುವೆಂದು ಭಾವಿಸಿ, ಸೋಡಾ ಕುಡಿದು ಕೆಲಸ ಮುಂದುವರಿಸುತ್ತಾನೆ. ಗುಮಾಸ್ತನು ರಜೆ ಹೋದೀತೆಂದು ಸಂಜೆಯವರೆಗೆ ಸಹಿಸುತ್ತಾನೆ. ಮೇಲೆ ಹೇಳಿದ 90 ನಿಮಿಷಗಳಲ್ಲಿ ಈ ಗಂಟೆಗಳು ಸೇರಿಲ್ಲ. ಸಮೀಪದಲ್ಲಿ ಹಗಲಿರುಳು ಆ್ಯಂಜಿಯೋಪ್ಲಾಸ್ಟಿ ನಡೆಸುವ ಆಸ್ಪತ್ರೆ ಯಾವುದೆಂಬುದನ್ನು ಹೋಟೆಲಿನ ಯಜಮಾನರು ಈಗಲೇ ವಿಚಾರಿಸಿ, ಅದರ ದೂರವಾಣಿ ಸಂಖ್ಯೆಯನ್ನು ಗಲ್ಲಾದ ಬಳಿ ಬರೆದಿಡಲಿ.