ಸದ್ದಿಗೇಕೆ ದುಡ್ಡು?

ದಿನನಿತ್ಯ ಓಡಿಸುವ ಕಾರಿಗೂ ಗುಡುಗುವ ಸೈಲೆನ್ಸರ್ ಜೋಡಿಸುವ ಗೀಳು ನಮ್ಮ ಘಟ್ಟಗಳನ್ನು ಹತ್ತಿದೆ. ಅದು ಅವರವರ ಅಭಿರುಚಿ ಎನ್ನುವವರಿದ್ದಾರೆ. ಆದರೆ ಆಗುಂಬೆಯ ತಿರುವಿನಲ್ಲಿ ಎದ್ದ ಸದ್ದನ್ನು ಕಣಿವೆಯೆಲ್ಲ ಕೇಳಬೇಕು. ಕರೆಯಿಂದಲೇ ಸಂಗಾತಿಯನ್ನು ಅರಸುವ ಕಪ್ಪೆಯ ದನಿ ಅದರಲ್ಲಿ ಅಡಗಿಹೋಗುತ್ತದೆ. ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತರಂತೂ ಕಾರ್ಬನ್ ಮಾನಾಕ್ಸೈಡ್, ಸಾರಜನಕದ ಆಕ್ಸೈಡುಗಳು ಶುದ್ಧಿಯಾಗದೆ ಹೊರಬೀಳುತ್ತವೆ. ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿಯೇ ಹೇಳಿದೆ. ಶಬ್ದ, ಹೊಗೆಯ ಮಿತಿ ಮೀರಿದರೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ.

ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದೂ ನಮ್ಮ ಹೊಂಡದ ರಸ್ತೆಗಳಿಗೆ ಸಲ್ಲದು. ದುಡ್ಡಿದ್ದರೆ ಸವೆದ ಶಾಕ್ ಅಬ್ಸಾರ್ಬರ್ ಬದಲಿಸಿರಿ. ಚಕ್ರ ನೆಲ ಬಿಡದಿದ್ದರೆ ಬ್ರೇಕ್ ಬೇಗ ಹಿಡಿಯುತ್ತದೆ, ರಸ್ತೆ ದಾಟುವ ಜೀವ ಉಳಿಯುತ್ತದೆ. ಯಾವ ಖರ್ಚು ಯಾರಿಗಾಗಿ ಎಂಬುದನ್ನು ವಿದ್ಯಾರ್ಥಿ ಮಿತ್ರರು ಯೋಚಿಸಲಿ.